ಪಾತ್ರೆಯ ಮೇಲಿನ ಹೆಸರು

ಗೋವಿಂದಮ್ಮ ಇಪ್ಪತ್ತಾರು ವರ್ಷದಿಂದ ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನ ಬಾಗಿಲ ಬಳಿ ನಿಂಬೆಹಣ್ಣು ಮಾರಿಕೊಂಡು ಬಂದವಳು. ಹಣ್ಣಿನ ಗುಡ್ಡೆ ಹಾಕುವುದರಲ್ಲಿ ಅವಳನ್ನು ಮೀರಿಸುವವರು ಆ ಸಾಲಿನಲ್ಲಿ ಇರಲಿಲ್ಲ. ಬಣ್ಣ ತಿರುಗಿದ, ಸಿಪ್ಪೆ ತೆಳುವಾದ ಹಣ್ಣನ್ನು ನಡುನೆತ್ತಿಗೆ ಕೂರಿಸಿ ನೀರು ಚಿಮುಕಿಸಿದಳೆಂದರೆ ಬಸ್ಸಿಗೆ ಓಡುತ್ತಿದ್ದವನೂ ನಿಂತು ನೋಡಬೇಕು. ಹಾಗಾಗಿ ಕ್ಯಾಂಪಿಗೆ ಬಂದ ಐಶ್ವರ್ಯಾ ಎಂಬ ಹುಡುಗಿ ಮಾಡುವ ಕೆಲಸ ಏನೆಂದು ಬೇರೆಯವರು ತಲೆ ಕೆರೆದುಕೊಳ್ಳುತ್ತಿದ್ದಾಗಲೇ ಗೋವಿಂದಮ್ಮನಿಗೆ ಗೊತ್ತಾಗಿಹೋಯಿತು.

"ಅಯ್ಯೋ, ಇವಳೂ ನನ್ನಂಗೆ ಗುಡ್ಡೆ ಹಾಕೋಳೇ ಕಣೋ ಸುಗತ," ಎಂದಳು. "ಅವರ ಸಂಸ್ಥೆ ಏನ್ ಮಾಡ್ತು ಅನ್ನೋದನ್ನ ಜನದ ಕಣ್ಣಿಗೆ ಚೆಂದಾಗಿ ಜೋಡ್ಸಿ ಇಡೋದು. ಅಷ್ಟೇ."

ಕ್ಯಾಂಪ್ ಎಂದರೆ ಕೆ.ಆರ್. ಪುರದ ಹಿಂಬದಿಯ ಅಂಬೇಡ್ಕರ್ ಭವನ. ಭಾನುವಾರ ಸಂಜೆ ಎರಡು ಗಂಟೆ ಹೊತ್ತು ಬಿಡದೆ ಹೊಯ್ದ ಮಳೆಗೆ ರಾಜಕಾಲುವೆಯ ಗೋಡೆ ಕುಸಿದು, ಗೋವಿಂದಮ್ಮನದೂ ಸೇರಿ ದಂಡೆಯ ಐವತ್ತೆಂಟು ಮನೆಗಳಿಗೆ ಎದೆಮಟ್ಟ ನೀರು ನುಗ್ಗಿತ್ತು. ಭವನದ ಬೀಗದ ಕೈ ಇದ್ದದ್ದು ಅದನ್ನು ನೋಡಿಕೊಳ್ಳುತ್ತಿದ್ದ ಸುಗತನ ಹತ್ತಿರ. ಅವನು ಯಾರನ್ನೂ ಕೇಳದೆ ಬಾಗಿಲು ತೆಗೆದುಬಿಟ್ಟ. ಸೋಮವಾರ ಬೆಳಗ್ಗೆ ಯಾವ ಸರ್ಕಾರವೂ, ಯಾವ ಸಂಸ್ಥೆಯೂ ಕಣ್ಣು ಬಿಡುವ ಮೊದಲು, ರಸ್ತೆಯಾಚೆಯ ಲೇಔಟಿನ ಮನೆಗಳಿಂದ ಊಟ ಬಂತು. ಡಬರಿಯಲ್ಲಿ ಚಿತ್ರಾನ್ನ, ಕ್ಯಾರಿಯರಿನಲ್ಲಿ ಸಾರು, ಬೇಸನ್ನಿನ ತುಂಬ ಉಪ್ಪಿಟ್ಟು. ತಂದವರು ಪಾತ್ರೆ ಇಟ್ಟು, "ಆಮೇಲೆ ತಗೊಂಡ್ ಹೋಗ್ತೀವಿ" ಎಂದು ಹೋದರು.

ಮಂಗಳವಾರ 'ಕೈದೀಪ' ಸಂಸ್ಥೆ ಬಂತು. ಚಾಪೆ, ಹೊದಿಕೆ, ನೀರಿನ ಡ್ರಮ್ಮು, ಒಬ್ಬ ಡಾಕ್ಟರು, ಗ್ಯಾಸಿನ ಒಲೆ, ಎಲ್ಲವನ್ನೂ ತಂದಿತು. ಜೊತೆಗೆ ಐಶ್ವರ್ಯಾಳನ್ನೂ ತಂದಿತು. ಹಾವೇರಿ ಕಡೆಯವಳು, ಇಂದಿರಾನಗರದ ಆಫೀಸಿನಲ್ಲಿ ಸಾರ್ವಜನಿಕ ಸಂಪರ್ಕದ ಕೆಲಸ.

ಗೋವಿಂದಮ್ಮ ಮಧ್ಯಾಹ್ನ ಮಾರ್ಕೆಟ್ಟಿನಿಂದ ಬಂದು ಗೋಡೆಗೆ ಒರಗಿ ಕೂತು ಆ ಹುಡುಗಿಯ ಕೆಲಸವನ್ನು ನೋಡುತ್ತಿದ್ದಳು. ಒಬ್ಬ ಕಸುಬಿನವಳು ಇನ್ನೊಬ್ಬ ಕಸುಬಿನವಳನ್ನು ನೋಡುವ ಹಾಗೆ. ತಪ್ಪು ಹುಡುಕಲೆಂದೇ ನೋಡಿದಳು, ಸಿಗಲಿಲ್ಲ. ಹುಡುಗಿ ಮೊದಲು ಹೆಸರು ಕೇಳುತ್ತಿದ್ದಳು, ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು, ಆಮೇಲೆ "ಫೋಟೊ ತಗೀಲೇನ್ರಿ?" ಎನ್ನುತ್ತಿದ್ದಳು. ಬೇಡ ಎಂದರೆ ಮುಖ ಸಿಂಡರಿಸದೆ ಮುಂದೆ ಹೋಗುತ್ತಿದ್ದಳು. ಹೊದಿಕೆ ಕೊಡಲು ಕಾರಿನಲ್ಲಿ ಬಂದ ದೊಡ್ಡ ಮನುಷ್ಯರೊಬ್ಬರು, ಎಲ್ಲರೂ ಸಾಲಾಗಿ ನಿಂತು ಕೈ ಚಾಚಲಿ ಎಂದಾಗ ಈ ಹುಡುಗಿ ನಗುನಗುತ್ತಲೇ, "ಸರ್, ಅವರು ಕೂತಿರ್ತಾರ, ನೀವೂ ಪಕ್ಕದಾಗ ಕೂತ್ಕೊರಿ, ಫೋಟೊ ಭಾಳ ಚಲೋ ಬರ್ತೈತಿ," ಎಂದು ಅವರನ್ನೇ ಚಾಪೆಯ ಮೇಲೆ ಕೂರಿಸಿಬಿಟ್ಟಳು. ಅವರ ಇಸ್ತ್ರಿ ಪ್ಯಾಂಟು ಮುದುರಿತು. ಆದರೆ ಹೋಗುವಾಗ ಅವರು ಪಕ್ಕದಲ್ಲಿ ಕೂತಿದ್ದ ಮುದುಕ ಮುನಿನಾರಾಯಣಪ್ಪನ ಮಂಡಿನೋವಿನ ಪೂರ್ತಿ ಚರಿತ್ರೆ ತಿಳಿದುಕೊಂಡಿದ್ದರು.

"ಮೇಡಮ್ಮಾ, ಬಾ ಇಲ್ಲಿ," ಎಂದು ಗೋವಿಂದಮ್ಮ ಅವಳನ್ನು ಕರೆದಳು. "ನನ್ ಕಸುಬಿನ ಗುಟ್ಟು ಹೇಳ್ತೀನಿ ಕೇಳು. ಒಳ್ಳೇದನ್ನ ಮೇಲಿಡೋದು ಮೋಸ ಅಲ್ಲ. ಕೆಟ್ಟಿದ್ದನ್ನ ಕೆಳಗಿಟ್ಟು ತೂಗಿದ್ರೆ, ಅದು ಮೋಸ."

"ನಮ್ಮ ಕೋರ್ಸಿನಾಗ ಇದನ್ನ ಎರಡು ವರ್ಷ ಕಲಿಸಿದ್ರಮ್ಮಾ," ಎಂದು ಐಶ್ವರ್ಯಾ ನಕ್ಕಳು. "ನೀವು ಎರಡು ಮಾತಿನಾಗ ಮುಗಿಸಿಬಿಟ್ರಿ."

ಇಂಥ ಹುಡುಗಿಯೂ ಎಡವಿದ್ದು ಬುಧವಾರ, ಒಂದು ಅಂಟುಚೀಟಿಯಲ್ಲಿ.

ಕೈದೀಪದವರಿಗೆ ಒಂದು ನಿಯಮ. ಕ್ಯಾಂಪಿನಲ್ಲಿರುವ ಸಾಮಾನಿಗೆಲ್ಲ ಸಂಸ್ಥೆಯ ಕಿತ್ತಳೆ ಬಣ್ಣದ ಸ್ಟಿಕ್ಕರು ಇರಬೇಕು. ಅಂಗೈ, ಅದರ ಮೇಲೊಂದು ದೀಪ. ಐಶ್ವರ್ಯಾ ಸ್ಟಿಕ್ಕರಿನ ಎರಡು ಕಟ್ಟನ್ನು ಕಾಲೇಜಿನಿಂದ ಸಹಾಯಕ್ಕೆ ಬಂದಿದ್ದ ಹುಡುಗಿಯರ ಕೈಗೆ ಕೊಟ್ಟು, "ಎಲ್ಲದಕ್ಕೂ ಹಚ್ಚಿಬಿಡ್ರಿ" ಎಂದಳು. ಎಲ್ಲದಕ್ಕೂ ಎಂದರೆ ಅವರು ಎಲ್ಲದಕ್ಕೂ ಹಚ್ಚಿದರು. ಡ್ರಮ್ಮಿಗೆ, ಬಕೆಟ್ಟಿಗೆ, ಮುನಿನಾರಾಯಣಪ್ಪನ ಊರುಗೋಲಿಗೆ. ಅಡುಗೆಮನೆಯ ಮೂಲೆಯಲ್ಲಿ ತೊಳೆದು ಬೋರಲು ಹಾಕಿದ್ದ ಲೇಔಟಿನವರ ಮೂವತ್ತೇಳು ಪಾತ್ರೆಗಳಿಗೂ ಹಚ್ಚಿದರು. ಸ್ಟೀಲ್ ಪಾತ್ರೆಯಲ್ಲಿ ಸ್ಟಿಕ್ಕರಿಗೆ ಹೇಳಿ ಮಾಡಿಸಿದ ಜಾಗ ಎಂದರೆ ಅಂಚಿನ ಕೆಳಗಿನ ಚಪ್ಪಟೆ ಪಟ್ಟಿ. ಹೆಸರು ಕೆತ್ತಿಸುವುದೂ ಅಲ್ಲಿಯೇ.

ಆ ಪಾತ್ರೆಗಳನ್ನು ಜೋಡಿಸಿಟ್ಟ ಅಡುಗೆಮನೆಯ ಫೋಟೊ ಅಂದೇ ಸಂಸ್ಥೆಯ ಪೇಜಿಗೆ ಹೋಯಿತು. ಕೆಳಗೆ 'ಐವತ್ತೆಂಟು ಕುಟುಂಬಗಳಿಗೆ ಮೊದಲ ದಿನದಿಂದಲೂ ಕೈದೀಪದ ಊಟ' ಎಂದು ಆಫೀಸಿನಲ್ಲಿ ಯಾರೋ ಬರೆದು ಸೇರಿಸಿದರು.

ಗುರುವಾರ ಮಧ್ಯಾಹ್ನ ಲೇಔಟ್ ಸಂಘದ ಅಧ್ಯಕ್ಷ ಪಂಚಾಕ್ಷರಿ ಗೇಟಿನ ಮುಂದೆ ಬಂದು ನಿಂತರು. ದಾವಣಗೆರೆಯವರು, ಬ್ಯಾಂಕಿನಿಂದ ನಿವೃತ್ತರು. ಮೊಬೈಲನ್ನು ಎಲ್ಲರ ಮುಖದ ಮುಂದೆ ಹಿಡಿದು ಫೋಟೊವನ್ನು ಹಿಗ್ಗಿಸಿ ತೋರಿಸಿದರು.

"ಏನ್ರೀ ಇದು? ಸ್ಟಿಕ್ಕರಿನ ಕೆಳಗೆ 'ಗೃಹಪ್ರವೇಶ' ಅಂತ ಅರ್ಧ ಕಾಣ್ತಾ ಇದೆ. ನಮ್ಮ ಹೆಣ್ಣುಮಕ್ಕಳು ಬೆಳಗ್ಗೆ ಐದಕ್ಕೆದ್ದು ಬೇಯಿಸಿ ಕಳ್ಸಿದ್ದು, ಹೆಸರು ನಿಮ್ದಾ?"

"ಸರ್, ತಪ್ಪಾಗೈತ್ರಿ. ಈಗಲೇ ತೆಗಸ್ತೀನಿ," ಎಂದಳು ಐಶ್ವರ್ಯಾ.

"ತೆಗೆಸೋದೇನು ಬೇಡ. ನಾವೇ ತೆಗೆಸ್ತೀವಿ. ಕ್ಯಾಂಪನ್ನೇ."

ಮಾತು ಪೊಳ್ಳಾಗಿರಲಿಲ್ಲ. ಸಂಜೆಯೊಳಗೆ ಸಂಘದ ವಾಟ್ಸಾಪ್ ಗ್ರೂಪಿನಲ್ಲಿ ಅರ್ಜಿ ಸಿದ್ಧವಾಯಿತು: ಭವನದಲ್ಲಿ ಶೌಚಾಲಯ ಸಾಲದು, ಗಲೀಜು, ಗದ್ದಲ, ಇವರನ್ನು ಹೊಸಕೋಟೆ ದಾಟಿ ಇರುವ ಖಾಲಿ ಹಾಸ್ಟೆಲ್ ಕಟ್ಟಡಕ್ಕೆ ಕಳಿಸಿ. ಐವತ್ತೆರಡು ಜನ ರುಜು ಹಾಕಿದರು. ತಾಲ್ಲೂಕು ಕಚೇರಿಯ ಅಧಿಕಾರಿ ಶನಿವಾರ ಬಂದು ನೋಡಿ ತೀರ್ಮಾನಿಸುತ್ತಾರೆ ಎಂದು ಸುಗತ ಸುದ್ದಿ ತಂದ.

ಹೊಸಕೋಟೆ ದಾಟಿ ಎಂದರೆ ಏನೆಂದು ಕ್ಯಾಂಪಿನ ಹೆಂಗಸರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವರಲ್ಲಿ ಅರ್ಧ ಜನ ಇದೇ ಲೇಔಟಿನಲ್ಲಿ, ಮಾರತ್ತಹಳ್ಳಿಯಲ್ಲಿ ಮನೆಗೆಲಸದವರು. ಮಕ್ಕಳ ಶಾಲೆ ಇಲ್ಲೇ. ಗೋವಿಂದಮ್ಮ ನಸುಕಿನ ಮೊದಲ ಬಸ್ಸಿಗೆ ಹತ್ತಿ ಶಿವಾಜಿನಗರದಲ್ಲಿ ಇಳಿದರೆ ಮಾತ್ರ ಒಳ್ಳೆಯ ಮಾಲು. ಅಷ್ಟು ದೂರದಿಂದ ಹೊರಟರೆ ಹೋಗುವಷ್ಟರಲ್ಲಿ ಮಿಕ್ಕಿರುವುದು ಕೊಳೆತದ್ದು. ಜಾಗವನ್ನು ಎರಡು ವಾರ ಖಾಲಿ ಬಿಟ್ಟರೆ ಪಕ್ಕದ ಬೆಳ್ಳುಳ್ಳಿಯವನು ಕಾಲು ಚಾಚುತ್ತಾನೆ. ಇಪ್ಪತ್ತಾರು ವರ್ಷದ ನೆಲ, ಒಂದು ಗೋಣಿತಾಟಿನಷ್ಟು ಅಗಲ. ಅವಳಿಗೆ ಇದ್ದ ಆಸ್ತಿ ಅದೊಂದೇ.

ಐಶ್ವರ್ಯಾ ಭವನದ ಮೆಟ್ಟಿಲ ಮೇಲೆ ಕೂತು ಆಫೀಸಿನ ಮೇಲಧಿಕಾರಿ ಸಿದ್ಧಲಿಂಗೇಶನ ಜೊತೆ ಮಾತಾಡುತ್ತಿದ್ದಳು. ಫೋನು ಸ್ಪೀಕರಿನಲ್ಲಿತ್ತು. ಗೋವಿಂದಮ್ಮ ಕದ್ದು ಕೇಳಲಿಲ್ಲ. ಎದುರಿಗೇ ಕೂತು ಕೇಳಿದಳು.

"ಹೆದರ್ಬೇಡ. ಶನಿವಾರ ಟಿ.ವಿ.ಯವರನ್ನ ಕರ್ಸೋಣ," ಎನ್ನುತ್ತಿದ್ದ ಅವನು. "ಒಬ್ಬಳು ಅಜ್ಜಿ, ಎರಡು ಮಕ್ಕಳು, ಸ್ವಲ್ಪ ಕಣ್ಣೀರು. ಬಡವರನ್ನ ಓಡಿಸ್ತಿದ್ದಾರೆ ಅಂತ ಬಂದ್ರೆ ಲೇಔಟಿನವರು ಬಾಯಿ ಮುಚ್ಕೋತಾರೆ."

ಐಶ್ವರ್ಯಾ ಒಳಗೆ ಕೂತಿದ್ದ ಹೆಂಗಸರ ಕಡೆ ತಿರುಗಿ ನೋಡಿದಳು. "ಬಾಯಿ ಮುಚ್ಕೊತಾರ ಸರ್. ಆಮ್ಯಾಲೆ ಬಾಗಿಲಾನೂ ಮುಚ್ಕೊತಾರ. ಇವರು ನಾಳೆ ಅದೇ ಮನಿಗೋಳಿಗೆ ಕೆಲಸಕ್ಕ ಹೋಗಬೇಕಲ್ಲ?"

"ಹಾಗಾದ್ರೆ ನಿನ್ನ ಪ್ಲಾನ್ ಏನು?"

"ನಾಳೆ ಹೇಳ್ತೀನ್ರಿ," ಎಂದು ಫೋನು ಇಟ್ಟಳು. ಇಟ್ಟ ಮೇಲೆ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಳು.

ಬಾಗಿಲಾನೂ ಮುಚ್ಕೊತಾರ ಎಂದಳಲ್ಲ, ಆ ಒಂದು ಮಾತಿಗೆ ಗೋವಿಂದಮ್ಮನ ಮನಸ್ಸಿನಲ್ಲಿ ಅವಳು ಮೇಡಮ್ಮು ಹೋಗಿ ಮಗಳಾದಳು.

"ಏ ಮಗಾ, ಪ್ಲಾನು ಗೀನು ಆಮೇಲೆ. ಆ ಪಾತ್ರೆಗಳೆಲ್ಲ ಎಲ್ಲಿವೆ?"

"ಅಡಿಗಿಮನ್ಯಾಗ ಅದಾವು."

"ಸೋಮವಾರ ಬಂದಿದ್ದು. ಇವತ್ತು ಗುರುವಾರ. ನಾಕ್ ದಿನ ಆಯ್ತು, ಇನ್ನೂ ವಾಪಸ್ ಕಳ್ಸಿಲ್ಲ. ಸ್ಟಿಕ್ಕರ್ ಒಂದ್ ತಪ್ಪು, ನಿಂದು. ಇದು ಇನ್ನೊಂದು ತಪ್ಪು, ನಮ್ದು. ಊಟ ತಂದ ಪಾತ್ರೇನ ತೊಳ್ದು ನಾವೇ ಕೊಂಡೋಗ್ ಕೊಡ್ಬೇಕು. ಅದೂ ಖಾಲಿ ಕೊಡೋ ಹಂಗಿಲ್ಲ."

"ನಮ್ಮ ಕಡೆನೂ ಹಂಗ ಅಮ್ಮಾ. ಒಂದು ಹಿಡಿ ಸಕ್ಕರಿನಾದ್ರೂ ಹಾಕಿ ಕೊಡ್ತಾರ," ಎಂದು ಐಶ್ವರ್ಯಾ ತಲೆ ಎತ್ತಿದಳು. "ಆದ್ರ ನಿಮ್ಮ ಹತ್ರ ಈಗ ಏನೈತಿ ಹಾಕಾಕ? ಸಂಸ್ಥೆಯಿಂದ ಒಂದೊಂದು ಕಿಲೋ ಸಕ್ಕರಿ ತರಿಸ್ಲಿ?"

"ಬೇಡ. ಅದ್ರ ಮೇಲೂ ಸ್ಟಿಕ್ಕರ್ ಬರ್ತದೆ."

ಮರುದಿನ ನಸುಕಿನಲ್ಲಿ ಗೋವಿಂದಮ್ಮ ಮಾರ್ಕೆಟ್ಟಿಗೆ ಹೋದಳು. ಅವಳಿಗೆ ಮಾಲು ಹಾಕುವ ಅಕ್ತರ್ ಸಾಬರಿಗೆ ವಿಷಯ ಹೇಳಿ, ಎಪ್ಪತ್ತೈದು ಹಣ್ಣು ಬೇಕು, ಒಂದೂ ಮಚ್ಚೆ ಇರಬಾರದು ಎಂದಳು. ಸಾಬರು ಹೊಸ ಮೂಟೆ ಬಿಚ್ಚಿ ಚೀಲದ ತುಂಬ ತುಂಬಿದರು. ದುಡ್ಡಿಗೆ ಸೊಂಟಕ್ಕೆ ಕೈ ಹಾಕಿದಾಗ, "ಅರೆ ಲೇಕೋ ಜಾವ್ ಅಮ್ಮಾ, ತಗೊಂಡು ಹೋಗಿ! ನಿಮ್ದು ಮನೆ ಮುಳುಗ್ತು, ನಮ್ದು ಮರ್ಯಾದೆ ಮುಳುಗ್ಲಿಲ್ಲ," ಎಂದು ಗದರಿಸಿದರು.

ಮಧ್ಯಾಹ್ನ ಹೆಂಗಸರೆಲ್ಲ ಸುತ್ತ ಕೂತು ಸ್ಟಿಕ್ಕರು ಕಿತ್ತರು. ಉಗುರಿಗೆ ಬಾರದ ಅಂಟಿಗೆ ಕೊಬ್ಬರಿ ಎಣ್ಣೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಒಣಬಟ್ಟೆಯಲ್ಲಿ ಉಜ್ಜಿದರು. ಕಿತ್ತಳೆ ಬಣ್ಣ ಹೋದ ಹಾಗೆ ಚುಕ್ಕಿಚುಕ್ಕಿಯಾಗಿ ಕೆತ್ತಿದ ಹೆಸರುಗಳು ಮೇಲೆದ್ದವು. ಗೋವಿಂದಮ್ಮನಿಗೆ ಓದು ಬಾರದು. ಐಶ್ವರ್ಯಾ ಒಂದೊಂದನ್ನೇ ಜೋರಾಗಿ ಓದಿದಳು. ಯಾರ ಮದುವೆಗೆ ಬಂದದ್ದು, ಯಾವ ಅಜ್ಜಿಯ ನೆನಪಿಗೆ ಕೊಟ್ಟದ್ದು. ಓದಿದ್ದನ್ನೆಲ್ಲ ಅಭ್ಯಾಸಬಲದಿಂದ ಪುಸ್ತಕದಲ್ಲಿ ಬರೆದುಕೊಳ್ಳುತ್ತ ಹೋದಳು. ಹತ್ತನೆಯ ಹೆಸರಿಗೋ ಹನ್ನೊಂದನೆಯದಕ್ಕೋ ಪೆನ್ನು ನಿಂತಿತು.

"ಅಮ್ಮಾ, ಪ್ಲಾನ್ ಸಿಕ್ತು," ಎಂದಳು. "ಇವರ ಸಿಟ್ಟು ಹೆಸರಿಂದು. ಹಂಗಾದ್ರ ಹೆಸರೇ ಕೊಟ್ಟುಬಿಡೋಣ. ಗೇಟಿಗೆ ಒಂದು ಬೋರ್ಡ್ ಹಾಕೋಣ. ಮೊದಲನೇ ದಿನ ಊಟ ಹಾಕಿದವರು ಇವರು, ಅಂತ. ನಮ್ಮ ಸಂಸ್ಥಿ ಹೆಸರು ಎಲ್ಲೂ ಬ್ಯಾಡ."

"ನಿಮ್ಮ ದೊಡ್ಡೋರು ಬಿಡ್ತಾರಾ?"

"ಬಿಡಂಗಿಲ್ಲ," ಎಂದಳು ಹುಡುಗಿ, ಅಂಟು ಉಜ್ಜುತ್ತಲೇ. "ಅದನ್ನ ನಾ ನೋಡ್ಕೊತೀನಿ. ಆದ್ರ ಕೇಳ್ದ ಯಾರ ಹೆಸರೂ ಹಾಕೋದು ಬ್ಯಾಡ. ಒಂದೊಂದು ಮನಿಯಾಗೂ ಕೇಳೋಣ."

ಕೊನೆಗೆ ಒಂದು ದೊಡ್ಡ ಡಬರಿ ಉಳಿಯಿತು. ಐಶ್ವರ್ಯಾ ಅದನ್ನು ಬೆಳಕಿಗೆ ತಿರುಗಿಸಿ ಓದಿದಳು: "ಪಂಚಾಕ್ಷರಿ–ವಿಮಲಾಕ್ಷಿ, ಗೃಹಪ್ರವೇಶ, 2011." ಎರಡನೆಯ ಸಲ ಓದಿದಳು. ಹೆಂಗಸರ ಕೈಗಳು ನಿಂತವು.

"ಅಯ್ಯಯ್ಯೋ," ಎಂದಳು ಗೋವಿಂದಮ್ಮ. "ಸೋಮವಾರ ಎಲ್ಲಕ್ಕಿಂತ ಮೊದ್ಲು ಬಂದಿದ್ದೇ ಇದು. ಚಿತ್ರಾನ್ನ. ಕಡ್ಲೆಬೀಜ ಕೈತುಂಬ ಹಾಕಿದ್ರು ಪುಣ್ಯಾತ್ಗಿತ್ತಿ."

ಸಂಜೆ ನಾಲ್ಕಕ್ಕೆ ಇಬ್ಬಿಬ್ಬರಾಗಿ ಹೊರಟರು. ಒಂದೊಂದು ಪಾತ್ರೆಯಲ್ಲಿ ಎರಡೆರಡು ನಿಂಬೆಹಣ್ಣು. ಐಶ್ವರ್ಯಾ ತನ್ನ ಮೊಬೈಲನ್ನು ಸುಗತನ ಕೈಗೆ ಕೊಟ್ಟು ಬಂದಳು. ಯಾಕೆಂದು ಅವನು ಕೇಳಿದಾಗ, "ಕೈಯಾಗಿದ್ರ ಫೋಟೊ ತಗಿಬೇಕು ಅನಸ್ತೈತಿ," ಎಂದಳು. ಕಸುಬು ಬಲ್ಲವರಿಗೆ ಎಲ್ಲಿ ಕಸುಬು ತೋರಿಸಬಾರದು ಎನ್ನುವುದೂ ಗೊತ್ತಿರಬೇಕು. ಗೋವಿಂದಮ್ಮ ಅದನ್ನು ಮನಸ್ಸಿನಲ್ಲೇ ಮೆಚ್ಚಿದಳು.

ಪಂಚಾಕ್ಷರಿಯವರ ಮನೆಯಲ್ಲಿ ಬಾಗಿಲು ತೆಗೆದವರು ವಿಮಲಾಕ್ಷಿ. ಡಬರಿ ನೋಡಿ ಮೊದಲು ಹಿಂದೆ ತಿರುಗಿ ನೋಡಿದರು. ಯಜಮಾನರು ವಾಕಿಂಗಿಗೆ ಹೋಗಿದ್ದರು.

"ಬನ್ನಿ, ಬನ್ನಿ. ಅವರಿಗೆ ಗೊತ್ತಿಲ್ಲ ಕಣ್ರೀ," ಎಂದು ದನಿ ತಗ್ಗಿಸಿದರು. "ಅವತ್ತು ಇನ್ನೂ ಎದ್ದಿರಲಿಲ್ಲ. ಬೇರೆಯವರ ಪಾತ್ರೆ ಅಂದ್ಕೊಂಡೇ ಇಷ್ಟು ಕುಣೀತಿದ್ದಾರೆ. ನಮ್ಮದೂ ಇತ್ತು ಅಂತ ಗೊತ್ತಾದ್ರೆ ಇನ್ನೆಷ್ಟು ಕುಣೀತಾರೋ ಅಂತ ನಾನು ಬಾಯಿಬಿಟ್ಟಿಲ್ಲ."

ಒಳಗೆ ಕೂರಿಸಿ ಮಜ್ಜಿಗೆ ಕೊಟ್ಟರು. ಹಣ್ಣನ್ನು ಮೂಸಿ ನೋಡಿ, "ಇಂಥ ಹಣ್ಣು ನಮ್ಮ ಅಂಗಡೀಲಿ ಸಿಗಲ್ಲ" ಎಂದರು. ಗೋವಿಂದಮ್ಮನಿಗೆ ಮೈಯೆಲ್ಲ ಹಿಗ್ಗಾಯಿತು. ಮಾರ್ಕೆಟ್ಟಿನಾಚೆ ಈ ಐದು ದಿನದಲ್ಲಿ ಅವಳನ್ನು ನಿರಾಶ್ರಿತಳೆಂದಲ್ಲದೆ ನಿಂಬೆಹಣ್ಣಿನವಳೆಂದು ನೋಡಿದ ಮೊದಲ ಮನುಷ್ಯ ಇವರು.

ಐಶ್ವರ್ಯಾ ಬೋರ್ಡಿನ ವಿಷಯ ತೆಗೆದಳು. "ನಿಮ್ಮದು ಮೊದಲನೇ ಪಾತ್ರಿ ಅಮ್ಮಾ. ಹಾಕಿದ್ರ ಹೆಸರು ಮೊದಲಿಗೇ ಬರ್ತೈತಿ. ಸರ್‌ಗೆ ಬ್ಯಾಡ ಅನಿಸಿದ್ರ ಬಿಟ್ಟುಬಿಡ್ತೀವಿ."

ವಿಮಲಾಕ್ಷಿ ಡಬರಿಯ ಅಂಚಿನ ಮೇಲೆ ಬೆರಳಾಡಿಸಿದರು. ಎರಡು ಹೆಸರು, ನಡುವೆ ಒಂದು ಗೀಟು.

"ಹಾಕಿ," ಎಂದರು. "ದೊಡ್ಡದಾಗಿ ಹಾಕಿ. ಇಬ್ಬರದೂ ಹಾಕಿ. ಪಾತ್ರೆ ಮೇಲೆ ಹೇಗಿದೆಯೋ ಹಾಗೇ."

ಮೂವತ್ತೇಳರಲ್ಲಿ ಮೂರು ಮನೆಯವರು ಹೆಸರು ಬೇಡ ಎಂದರು. ಮೂವತ್ತನಾಲ್ಕು ಮನೆಯವರು ನಿಂಬೆಹಣ್ಣು ಕೈಯಲ್ಲಿ ಹಿಡಿದು ನಾಚಿಕೊಂಡು ಹೂಂ ಎಂದರು. ಅರ್ಜಿಗೆ ರುಜು ಹಾಕಿದ್ದವರೂ ಅದರಲ್ಲಿದ್ದರು. ಆ ಸಂಜೆ ಗ್ರೂಪಿನಲ್ಲಿ ಯಾರೂ ಚಕಾರವೆತ್ತಲಿಲ್ಲ. ಬೈಗುಳವನ್ನಾದರೆ ಜನ ಊರಿಗೆಲ್ಲ ಹಂಚುತ್ತಾರೆ. ಹೊಗಳಿಕೆಗೆ ಹೂಂ ಎಂದದ್ದನ್ನು ಯಾರು ಹೇಳಿಕೊಳ್ಳುತ್ತಾರೆ?

ಶನಿವಾರ ಬೆಳಗ್ಗೆ ಐಶ್ವರ್ಯಾ ಸಂಸ್ಥೆಯ ದೊಡ್ಡ ಫ್ಲೆಕ್ಸನ್ನು ಗೇಟಿನಿಂದ ಬಿಚ್ಚಿಸಿ ಮಗುಚಿ ಹಾಕಿದಳು. ಹಿಂಬದಿಯ ಬಿಳಿಯ ಮೇಲೆ ಸುಗತ ತನ್ನ ದುಂಡನೆಯ ಅಕ್ಷರದಲ್ಲಿ ಬರೆದ: 'ನಮ್ಮ ಮನೆಗೆ ನೀರು ಬಂದ ಮಾರನೆಯ ದಿನ ನಮಗೆ ಊಟ ಹಾಕಿದ ಮನೆಗಳು.' ಕೆಳಗೆ ಪಾತ್ರೆ ಬಂದ ವರಸೆಯಲ್ಲೇ ಹೆಸರುಗಳು. ವರಸೆ ಹೇಳಿದವಳು ಗೋವಿಂದಮ್ಮ. ಒಂದನ್ನೂ ಅವಳು ಹಿಂದೆ ಮುಂದೆ ಮಾಡಲಿಲ್ಲ. ಎಲ್ಲಕ್ಕೂ ಮೇಲೆ ಪಂಚಾಕ್ಷರಿ–ವಿಮಲಾಕ್ಷಿ. ನೆತ್ತಿಯ ಮೇಲಿನ ಹಣ್ಣು ನಿಜಕ್ಕೂ ಒಳ್ಳೆಯದೇ ಆಗಿತ್ತು. ಅದಕ್ಕೆ ಅವಳೇನು ಮಾಡುತ್ತಾಳೆ?

ಹತ್ತೂವರೆಗೆ ತಾಲ್ಲೂಕು ಕಚೇರಿಯ ಮಹಿಳಾ ಅಧಿಕಾರಿ ಜೀಪಿನಿಂದ ಇಳಿದರು. ಆ ಕಡೆಯಿಂದ ಪಂಚಾಕ್ಷರಿ ಹದಿನೈದು ಇಪ್ಪತ್ತು ಜನರೊಂದಿಗೆ ಬಂದರು. ವಿಮಲಾಕ್ಷಿಯೂ ಇದ್ದರು. ಅಧ್ಯಕ್ಷರ ಕಣ್ಣು ಅರ್ಜಿಯ ಮೇಲಿತ್ತು, ಅಧಿಕಾರಿಯ ಕಣ್ಣು ಬೋರ್ಡಿನ ಮೇಲೆ. ಅಧಿಕಾರಿ ಅದನ್ನು ಪೂರ್ತಿ ಓದಿದರು. ಅಧ್ಯಕ್ಷರು ಕೊಟ್ಟ ಅರ್ಜಿ ತೆಗೆದುಕೊಂಡು ಅದನ್ನೂ ಓದಿದರು. ಮತ್ತೆ ಬೋರ್ಡ್ ನೋಡಿದರು.

"ನೀವೇನಾ ಸಾರ್ ಪಂಚಾಕ್ಷರಿಯವರು?"

"ಹೌದು ಮೇಡಂ."

"ಮೊದಲು ಊಟ ಹಾಕಿದವರೂ ನೀವೇ, ಎಬ್ಬಿಸಿ ಅಂತ ಬರೆದವರೂ ನೀವೇ. ನಾನು ಯಾವುದನ್ನ ನಂಬಲಿ?"

ಆಗ ಪಂಚಾಕ್ಷರಿ ತಲೆ ಎತ್ತಿ ನೋಡಿದರು. ಕನ್ನಡಕ ಸರಿಮಾಡಿಕೊಂಡು ತಮ್ಮ ಹೆಸರನ್ನು ತಾವೇ ಓದಿದರು. ಅವರ ಹಿಂದೆ ಗುಸುಗುಸು ಎದ್ದಿತು. ಒಬ್ಬೊಬ್ಬರೂ ತಮ್ಮ ತಮ್ಮ ಹೆಸರನ್ನು ಹುಡುಕಿ ಪಕ್ಕದವರಿಗೆ ತೋರಿಸುತ್ತಿದ್ದರು. ಯಾರೋ ಹೆಂಗಸು, "ನೋಡ್ರೀ, ನಮ್ಮತ್ತೆ ಹೆಸರು!" ಎಂದಳು. ಗೋವಿಂದಮ್ಮ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದಳು. ಅವಳ ಕಣ್ಣ ಮುಂದೆ ಗೋಣಿತಾಟಿನಷ್ಟು ಅಗಲದ ಆ ನೆಲ ಇತ್ತು, ಅಷ್ಟೇ.

ಪಂಚಾಕ್ಷರಿ ಹೆಂಡತಿಯ ಕಡೆ ತಿರುಗಿದರು.

"ನೀನಾ?"

"ನಾವು," ಎಂದರು ವಿಮಲಾಕ್ಷಿ. "ಡಬರಿ ಮೇಲೆ ಹಾಗೇ ಇದೆ."

ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಮೂವತ್ತು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತವರಿಗೆ ಮಾತು ಬಾರದೆ ಇರುತ್ತದೆಯೆ? ಒಂದು ಸಲ ಕೆಮ್ಮಿದರು.

"ಎಬ್ಬಿಸಿ ಅಂತಲ್ಲ ಮೇಡಂ, ಬರೆಯೋದು ಸ್ವಲ್ಪ ಹೆಚ್ಚುಕಮ್ಮಿ ಆಗಿದೆ. ನಮ್ಮ ತಾತ್ಪರ್ಯ ಏನು ಅಂದ್ರೆ, ಇಷ್ಟು ಜನಕ್ಕೆ ಎರಡೇ ಶೌಚಾಲಯ ಅನ್ಯಾಯ. ಇನ್ನೂ ನಾಲ್ಕು ಕೊಡಿ. ಕಸದ ಗಾಡಿ ದಿನಾ ಬರಲಿ. ನಾವು ಊಟ ಹಾಕಿದ ಜನ, ಕಷ್ಟಪಡೋದು ನಮಗೆ ನೋಡಕ್ಕಾಗಲ್ಲ."

ಕೊನೆಯ ಮಾತು ಹೇಳುವಾಗ ಅವರ ದನಿಯೇ ಬದಲಾಯಿತು. ಗೋವಿಂದಮ್ಮನಿಗೆ ಅದು ಸುಳ್ಳೆನಿಸಲಿಲ್ಲ. ಬಾಯಿಂದ ಬಂದದ್ದನ್ನು ಕೇಳಿ ಮನಸ್ಸು ಆಮೇಲೆ ಒಪ್ಪಿಕೊಳ್ಳುವುದೂ ಉಂಟು.

ಅಧಿಕಾರಿ ಭವನವನ್ನು ಸುತ್ತಿ ನೋಡಿ, ಕಾಲುವೆಯ ಗೋಡೆ ಕಟ್ಟಿ ಮನೆಗಳಿಗೆ ವಾಪಸ್ ಹೋಗುವವರೆಗೂ ಇವರು ಇಲ್ಲೇ ಇರಲಿ, ನಾಲ್ಕು ಶೌಚಾಲಯ ಕೂಡಲೇ ತರಿಸಿ ಎಂದು ಬರೆದು ರುಜು ಹಾಕಿದರು.

ಬೋರ್ಡಿನ ಫೋಟೊ ಅಷ್ಟರಲ್ಲೇ ಆಫೀಸಿಗೆ ತಲುಪಿತ್ತು. ಜೀಪು ಹೋದ ಮೇಲೆ ಐಶ್ವರ್ಯಾಳ ಫೋನು ಬಡಿದುಕೊಂಡಿತು. "ಫೋಟೊದಲ್ಲಿ ನಮ್ಮ ಹೆಸರೇ ಇಲ್ಲವಲ್ಲಮ್ಮಾ!" ಎಂಬ ಸಿದ್ಧಲಿಂಗೇಶನ ಕೂಗು ಸ್ಪೀಕರಿಲ್ಲದೆಯೂ ಕೇಳಿಸಿತು. ಸೋಮವಾರ ಆಫೀಸಿಗೆ ಬಂದು ವಿವರಣೆ ಕೊಡಬೇಕಂತೆ.

"ಏನ್ ಹೇಳ್ತೀಯ ಮಗಾ?" ಎಂದು ಗೋವಿಂದಮ್ಮ ಕೇಳಿದಳು.

"ಇದ್ದದ್ದು ಹೇಳ್ತೀನಿ. ಹೆಸರು ಮಗ್ಗಲು ಬದಲಿಸಿ ಮಲಗೇತಿ, ಫ್ಲೆಕ್ಸಿನ ಹಿಂದ ಐತಿ ಅಂತೀನಿ," ಎಂದು ನಕ್ಕಳು. ನಗುವಿನಲ್ಲಿ ಸ್ವಲ್ಪ ಹೆದರಿಕೆಯೂ ಇತ್ತು. ಚೀಲದಲ್ಲಿ ಉಳಿದಿದ್ದ ಒಂದು ನಿಂಬೆಹಣ್ಣನ್ನು ಗೋವಿಂದಮ್ಮ ಸೆರಗಿನಲ್ಲಿ ಒರೆಸಿ ಅವಳ ಕೈಯಲ್ಲಿಟ್ಟಳು. ದೊಡ್ಡವರನ್ನು ಕಾಣಲು ಹೋಗುವವರು ಹಾಗೆ ಬರಿಗೈಯಲ್ಲಿ ಹೋಗಬಾರದು.

ಅಷ್ಟರಲ್ಲಿ ಗೇಟಿನ ಹತ್ತಿರ ಒಬ್ಬ ಮನುಷ್ಯ ಬೋರ್ಡನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓದುತ್ತ ನಿಂತಿದ್ದ. ಮೂರನೇ ಅಡ್ಡರಸ್ತೆಯ ಈರೇಶ. ಅರ್ಜಿಗೆ ಎರಡನೆಯ ರುಜು ಅವನದೇ.

"ನಮ್ಮ ಹೆಸರು ಬಿಟ್ಟುಹೋಗಿದೆ," ಎಂದ ಮುಖ ಊದಿಸಿಕೊಂಡು. "ನಾವೂ ಮೊಸರನ್ನ ಕೊಟ್ಟಿದ್ವಿ. ಪ್ಲಾಸ್ಟಿಕ್ ಬಕೆಟ್ಟು. ಅದಕ್ಕೆ ಹೆಸರು ಕೆತ್ತಿಸೋಕಾಗುತ್ತಾ?"

ಗೋವಿಂದಮ್ಮ ನೆನಪು ಮಾಡಿಕೊಂಡಳು. ಹೌದು, ನೀಲಿ ಬಕೆಟ್ಟು, ದಾಳಿಂಬೆ ಹಾಕಿದ ಮೊಸರನ್ನ. ಈಗಲೂ ಬಚ್ಚಲಲ್ಲಿ ನೀರು ತುಂಬುವುದಕ್ಕೆ ಅದೇ. ನಾಲಿಗೆ ಕಚ್ಚಿಕೊಂಡಳು.

"ತಪ್ಪಾಯ್ತು ಸಾಮಿ. ಸುಗತ, ಸಾಹೇಬ್ರ ಹೆಸರು ಬರಿಯೋ. ಏ, ಬಕೆಟ್ ತೊಳ್ದು ತನ್ನಿ ಯಾರಾದ್ರೂ."

"ಇನ್ನೂ ಬೇರೆಯವರೂ ಬಿಟ್ಟುಹೋಗಿರಬಹುದು," ಎಂದ ಈರೇಶ, ಸ್ವಲ್ಪ ಸಮಾಧಾನವಾಗಿ. "ಮಂಗಳವಾರ ಕೊಟ್ಟವರೂ ಇದ್ದಾರೆ."

ಗೋವಿಂದಮ್ಮ ಐಶ್ವರ್ಯಾಳ ಮುಖ ನೋಡಿದಳು. ಹುಡುಗಿ ಆಗಲೇ ಪುಸ್ತಕ ತೆಗೆದಿದ್ದಳು.

"ಕೆಳಗೆ ಬೇಕಾದಷ್ಟು ಜಾಗ ಇದೆ ಸಾಮಿ," ಎಂದಳು ಗೋವಿಂದಮ್ಮ. "ಇವತ್ತು ತಂದ್ಕೊಟ್ರೂ ಬರ್ಕೊತೀವಿ."